ಕಿತ್ತಳೆ ರೋಲ್, ಲಿಂಬೆ ರೋಲ್ ಕೈಕೊಟ್ಟಾಗ: ತಪ್ಪು ಹುಡುಕುವ ಬಗೆ

ಈಸ್ಟ್ ಹಾಕಿದ ಸಿಹಿ ಹಿಟ್ಟನ್ನು ಲಟ್ಟಿಸಿ, ಮೇಲೆ ಬೆಣ್ಣೆ, ಸಕ್ಕರೆ, ಕಿತ್ತಳೆಯದೋ ಲಿಂಬೆಯದೋ ಸಿಪ್ಪೆತುರಿ ಹರಡಿ, ಸುತ್ತಿ, ತುಂಡು ಮಾಡಿ ಬೇಯಿಸುವ ರೋಲ್ ಕೆಟ್ಟಾಗ ಮೊದಲ ಗುಮಾನಿ ಈಸ್ಟಿನ ಮೇಲೆ ಹೋಗುತ್ತದೆ. ಹೆಚ್ಚಿನ ಸಲ ಈಸ್ಟಿನದ್ದು ತಪ್ಪೇ ಇರುವುದಿಲ್ಲ. ಕಾಸರಗೋಡು, ಕುಂಬಳೆ, ಬದಿಯಡ್ಕದ ಕಡೆಯ ಅಡುಗೆಮನೆಗಳಲ್ಲಿ ಈ ರೋಲ್ ಕೆಡುವುದು ಮುಖ್ಯವಾಗಿ ಎರಡು ಕಾರಣಕ್ಕೆ. ಸಿಪ್ಪೆ ಹಾಕಬೇಕಾದಲ್ಲಿ ರಸ ಹೊಯ್ಯುವುದು ಒಂದು. ಚಳಿ ಊರಿನ ಹವೆಗೆ ಬರೆದಿಟ್ಟ ಸಮಯವನ್ನು ನಮ್ಮ ಸೆಖೆಯಲ್ಲಿ ಹಾಗೆಯೇ ಪಾಲಿಸುವುದು ಇನ್ನೊಂದು. ಉಳಿದ ದೋಷಗಳಲ್ಲಿ ಅರ್ಧಕ್ಕರ್ಧ ಈ ಎರಡರ ಮಕ್ಕಳು, ಮೊಮ್ಮಕ್ಕಳು.

ದೋಷ ಕಣ್ಣಿಗೆ ಬಿದ್ದ ಹಂತದಿಂದ ಹಿಂದಕ್ಕೆ ಹೋಗಿ ಕಾರಣ ಹುಡುಕಬೇಕು. ಮತ್ತೆ ಮಾಡುವಾಗ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಈಸ್ಟ್ ಜಾಸ್ತಿ, ಹಾಲು ಕಮ್ಮಿ, ಒಲೆಯ ಉರಿ ಬೇರೆ ಎಂದು ಮೂರನ್ನೂ ಒಟ್ಟಿಗೆ ಬದಲಿಸಿದರೆ ರೋಲ್ ಸರಿಯಾದರೂ ಯಾವುದರಿಂದ ಸರಿಯಾಯಿತು ಎಂದು ತಿಳಿಯುವುದಿಲ್ಲ.

ಹೋಲಿಸಿ ನೋಡಲು ಬೇಕಾದ ಅಳತೆ

12 ರೋಲ್‌ಗೆ ಮೈದಾ 400 ಗ್ರಾಂ, ಕಾಯಿಸಿ ಆರಿಸಿದ ಹಾಲು 200 ಮಿ.ಲೀ., ಮೊಟ್ಟೆ 1, ಸಕ್ಕರೆ 50 ಗ್ರಾಂ, ಉಪ್ಪಿಲ್ಲದ ಬೆಣ್ಣೆ 60 ಗ್ರಾಂ, ಇನ್‌ಸ್ಟಂಟ್ ಈಸ್ಟ್ 6 ಗ್ರಾಂ (ಮಟ್ಟಸ 2 ಟೀ ಚಮಚ), ಉಪ್ಪು 6 ಗ್ರಾಂ, ಒಂದು ಕಿತ್ತಳೆಯ ಸಿಪ್ಪೆತುರಿ. ಒಳಗೆ ಹರಡಲು ಬೆಣ್ಣೆ 60 ಗ್ರಾಂ, ಸಕ್ಕರೆ 90 ಗ್ರಾಂ, ಕಾರ್ನ್‌ಫ್ಲೋರ್ 10 ಗ್ರಾಂ, ಎರಡು ಕಿತ್ತಳೆಯ ಸಿಪ್ಪೆತುರಿ. ಮೇಲಿನ ಪಾಕಕ್ಕೆ ಐಸಿಂಗ್ ಸಕ್ಕರೆ 100 ಗ್ರಾಂ, ರಸ 15 ಮಿ.ಲೀ. ಮೊಟ್ಟೆ ಬಳಸದ ಮನೆಗಳಲ್ಲಿ ಅದರ ಬದಲು 40 ಮಿ.ಲೀ. ಹಾಲು ಮತ್ತು 10 ಗ್ರಾಂ ಬೆಣ್ಣೆ ಹೆಚ್ಚು ಹಾಕಿದರೆ ಸಾಕು. ರೋಲ್ ಸ್ವಲ್ಪ ಬಿಳಿಚಿಕೊಂಡಿರುತ್ತದೆ, ಮೆದುವಿಗೆ ಕೊರತೆ ಇಲ್ಲ.

ಹಿಟ್ಟನ್ನು 40 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲಕ್ಕೆ ಲಟ್ಟಿಸಿ, ಉದ್ದದ ಅಂಚಿನಿಂದ ಸುತ್ತಿ, 12 ತುಂಡು ಮಾಡಿ, 20 ಸೆಂ.ಮೀ.ಯ ಎರಡು ದುಂಡು ಟಿನ್‌ಗಳಲ್ಲಿ ಆರಾರು ಇಟ್ಟು, 180 ಡಿಗ್ರಿಯಲ್ಲಿ 20ರಿಂದ 24 ನಿಮಿಷ ಬೇಯಿಸುವುದು. ಮನೆಯ ಒಟಿಜಿಯಲ್ಲಿ (ಕರೆಂಟಿನ ಸಣ್ಣ ಒಲೆ) ಒಂದೇ ಟಿನ್ ಹಿಡಿಯುವುದಾದರೆ ಎರಡನೆಯದನ್ನು ತುಂಡು ಜೋಡಿಸಿದ ಕೂಡಲೇ ಫ್ರಿಜ್ಜಿಗೆ ಇಡಿ. ಹೊರಗಿಟ್ಟರೆ ಮೊದಲನೆಯದು ಬೇಯುವಷ್ಟರಲ್ಲಿ ಅದು ಉಬ್ಬಿ ಹದ ಮೀರಿರುತ್ತದೆ.

ತಕ್ಕಡಿ ಬೇಕೇ ಬೇಕು. ಒಂದೇ ಕಪ್‌ನಲ್ಲಿ ಮೈದಾವನ್ನು ಚಮಚದಿಂದ ತುಂಬಿಸಿದರೆ 120 ಗ್ರಾಂ, ಡಬ್ಬದಲ್ಲೇ ಮುಳುಗಿಸಿ ಒತ್ತಿ ತೆಗೆದರೆ 150 ಗ್ರಾಂ ಬರುತ್ತದೆ. ಮೂರು ಕಪ್ಪಿಗೆ 90 ಗ್ರಾಂ ವ್ಯತ್ಯಾಸವಾದರೆ ಆ ಹಿಟ್ಟಿನ ದೋಷ ಹುಡುಕಿ ಪ್ರಯೋಜನವಿಲ್ಲ.

ಹಿಟ್ಟು ಉಬ್ಬುವುದೇ ಇಲ್ಲ

ಮೊದಲು ಈಸ್ಟಿನ ಪರೀಕ್ಷೆ ಮುಗಿಸಿಬಿಡಿ. ಕೈಗೆ ಹಿತವಾಗುವಷ್ಟು ಬೆಚ್ಚಗಿನ ನೀರು 50 ಮಿ.ಲೀ., ಅಂದರೆ 35ರಿಂದ 40 ಡಿಗ್ರಿ, ಅರ್ಧ ಚಮಚ ಸಕ್ಕರೆ, ಒಂದು ಚಮಚ ಈಸ್ಟ್. 10 ನಿಮಿಷದಲ್ಲಿ ಮೇಲೆ ದಪ್ಪ ನೊರೆ ಏಳಬೇಕು. ಅಲ್ಲೊಂದು ಇಲ್ಲೊಂದು ಗುಳ್ಳೆ ಬಂದರೆ ಆ ಡಬ್ಬ ಎಸೆಯುವುದೇ ಲೇಸು. ನಮ್ಮ ಹವೆಯಲ್ಲಿ ಒಡೆದ ಈಸ್ಟ್ ಪೊಟ್ಟಣವನ್ನು ರಬ್ಬರ್ ಬ್ಯಾಂಡ್ ಹಾಕಿ ಕಪಾಟಿನಲ್ಲಿಟ್ಟರೆ ಪಸೆ ಎಳೆದುಕೊಂಡು ಬೇಗ ಸತ್ತುಹೋಗುತ್ತದೆ. ಒಡೆದ ದಿನವೇ ಬಿಗಿ ಮುಚ್ಚಳದ ಸಣ್ಣ ಬಾಟಲಿಗೆ ತುಂಬಿ ಫ್ರೀಜರಿಗೆ ಹಾಕಿ. ಮನೆಯಲ್ಲಿರುವುದು ಇನ್‌ಸ್ಟಂಟ್ ಅಲ್ಲ, ಆಕ್ಟಿವ್ ಡ್ರೈ ಈಸ್ಟ್ ಎಂದಾದರೆ 6 ಗ್ರಾಂ ಬದಲು 7.5 ಗ್ರಾಂ ತೆಗೆದುಕೊಂಡು ಬೆಚ್ಚಗಿನ ಹಾಲಿನಲ್ಲಿ 10 ನಿಮಿಷ ನೆನೆಸಬೇಕು. ಬೇಕರಿಯವರಿಂದ ತಂದ ಹಸಿ ಈಸ್ಟಾದರೆ 18 ಗ್ರಾಂ.

ಪರೀಕ್ಷೆಯಲ್ಲಿ ನೊರೆ ಬಂದೂ ಹಿಟ್ಟು ಉಬ್ಬಲಿಲ್ಲವೇ? ಹಾಗಾದರೆ ಹಾಲು ಎಷ್ಟು ಬಿಸಿಯಿತ್ತು ಎಂದು ನೆನಪಿಸಿಕೊಳ್ಳಿ. 55ರಿಂದ 60 ಡಿಗ್ರಿಗೆ ಈಸ್ಟ್ ಸಾಯುತ್ತದೆ. ಒಲೆಯಿಂದ ಇಳಿಸಿ ಐದು ನಿಮಿಷ ಬಿಟ್ಟ ಹಾಲು ಅದಕ್ಕಿಂತ ಬಹಳ ಬಿಸಿ ಇರುತ್ತದೆ. ಹಾಗೆಂದು ಹಾಲು ಕಾಯಿಸುವುದನ್ನು ಬಿಡಬಾರದು. ಕುದಿ ಬಾರದ ಹಾಲಿನಲ್ಲಿರುವ ಕೆಲವು ಪ್ರೋಟೀನ್ ಹಿಟ್ಟಿನ ಜಿಗುಟನ್ನು ಸಡಿಲ ಮಾಡುತ್ತವೆ. ಕುದಿಸಿ, ಪೂರ್ತಿ ಆರಿಸಿ, ಬಳಸಿ.

ಮೂರನೆಯದು ರಸ. ಪರಿಮಳ ಜಾಸ್ತಿ ಬರಲಿ ಎಂದು ಹಾಲಿನ ಬದಲು ಅರ್ಧ ಲೋಟ ಲಿಂಬೆ ರಸ ಹಾಕಿದ ಹಿಟ್ಟು ಗಂಟೆಗಟ್ಟಲೆ ಕಲ್ಲಿನಂತೆ ಕೂತಿರುತ್ತದೆ. ಲಿಂಬೆ ರಸದಲ್ಲಿ ಸುಮಾರು 5ರಿಂದ 6 ಶೇಕಡಾ ಸಿಟ್ರಿಕ್ ಆಮ್ಲ ಇದೆ, ಕಿತ್ತಳೆಯಲ್ಲಿ 1 ಶೇಕಡಾದ ಆಸುಪಾಸು. ತುಸು ಹುಳಿ ಈಸ್ಟಿಗೆ ಇಷ್ಟವೇ. ಹುಳಿ ಮಿತಿ ಮೀರಿದರೆ ಅದರ ಕೆಲಸ ನಿಧಾನವಾಗುತ್ತದೆ, ಜೊತೆಗೆ ಹಿಟ್ಟಿನ ಗ್ಲುಟನ್ (ಮೈದಾದ ಜಿಗುಟು ಪ್ರೋಟೀನ್) ಬಲೆಯೂ ಸೊರಗಿ ಗಾಳಿ ಹಿಡಿದಿಡುವ ಶಕ್ತಿ ಕಳೆದುಕೊಳ್ಳುತ್ತದೆ. ಹಾಲಿಗೆ ನೇರವಾಗಿ ಲಿಂಬೆ ಹಿಂಡಿದರೆ ಇನ್ನೊಂದು ಉಪದ್ರ: ಹಾಲು ಒಡೆದು ನೀರೇ ಬೇರೆ, ಗಟ್ಟಿಯೇ ಬೇರೆ ಆಗುತ್ತದೆ. 400 ಗ್ರಾಂ ಮೈದಾಕ್ಕೆ ಲಿಂಬೆ ರಸ 10 ಮಿ.ಲೀ. ತನಕ, ಸಿಹಿ ಕಿತ್ತಳೆ ರಸ 80 ಮಿ.ಲೀ. ತನಕ ಧಾರಾಳವಾಗಿ ಹಾಕಬಹುದು. ಕಿತ್ತಳೆ ರಸ ಹಾಕಿದಷ್ಟೇ ಹಾಲು ಕಮ್ಮಿ ಮಾಡಿ, ಎರಡನ್ನೂ ಹಿಟ್ಟಿನ ಬೇರೆ ಬೇರೆ ಬದಿಗೆ ಹೊಯ್ದು ಕಲಸಿ. ಅದಕ್ಕಿಂತ ಹೆಚ್ಚಿನ ರಸಕ್ಕೆ ಹಿಟ್ಟಿನಲ್ಲಿ ಜಾಗವಿಲ್ಲ.

ಸಕ್ಕರೆಯೂ ಈಸ್ಟನ್ನು ಕಟ್ಟಿಹಾಕುತ್ತದೆ. ಮೈದಾದ ತೂಕದ 10 ಶೇಕಡಾ ದಾಟಿದ ಮೇಲೆ ಸಕ್ಕರೆ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುವುದರಿಂದ ಈಸ್ಟಿಗೆ ದಾಹ ಹತ್ತುತ್ತದೆ. ನಮ್ಮ ಅಳತೆಯ 50 ಗ್ರಾಂ ಎಂದರೆ 12.5 ಶೇಕಡಾ, ಅದಕ್ಕೇ ಈಸ್ಟ್ ಸ್ವಲ್ಪ ಧಾರಾಳವಾಗಿದೆ. ಸಿಹಿ ಸಾಲದೆಂದು ಹಿಟ್ಟಿಗೆ 100 ಗ್ರಾಂ ಹಾಕಿದರೆ ಉಬ್ಬುವ ಸಮಯ ಎರಡು ಪಟ್ಟಾದರೂ ಆಶ್ಚರ್ಯವಿಲ್ಲ. ಸಿಹಿ ಬೇಕಾದವರು ಒಳಗಿನ ಸಕ್ಕರೆಯನ್ನು, ಮೇಲಿನ ಪಾಕವನ್ನು ಹೆಚ್ಚಿಸಲಿ. ಉಪ್ಪು ಬೆಣ್ಣೆ ಬಳಸುವವರು ಹಿಟ್ಟಿನ ಉಪ್ಪನ್ನು 4 ಗ್ರಾಂಗೆ ಇಳಿಸಬೇಕು. ಕಡಲ ಬದಿಯ ಬಾವಿಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಉಪ್ಪುನೀರು ಬರುವ ಕಡೆ ಈಸ್ಟ್ ನೆನೆಸಲು, ಹಿಟ್ಟು ಕಲಸಲು ಆ ನೀರು ಬೇಡ.

ಒಂದು ಮಾತು ಬದಿಗೆ: ಅನಾನಸ್ ಸಿಟ್ರಸ್ ಜಾತಿಯದಲ್ಲವಾದರೂ ಕಿತ್ತಳೆಯ ಜೊತೆ ಅದನ್ನೂ ಸೇರಿಸುವವರಿದ್ದಾರೆ. ಹಸಿ ಅನಾನಸಿನ ಕಿಣ್ವ ಗ್ಲುಟನ್ನನ್ನೇ ಕತ್ತರಿಸಿ ಹಿಟ್ಟನ್ನು ಅಂಟಾಗಿ ಕರಗಿಸುತ್ತದೆ. ಬೇಯಿಸಿ ಆರಿಸಿ ಹಾಕಿದರೆ ತೊಂದರೆಯಿಲ್ಲ.

ಉಬ್ಬಿತು, ಆದರೆ ಕುಸಿಯಿತು

ನಮ್ಮಲ್ಲಿ ಉಬ್ಬದ ಹಿಟ್ಟಿಗಿಂತ ಅತಿಯಾಗಿ ಉಬ್ಬಿದ ಹಿಟ್ಟೇ ಹೆಚ್ಚು. ಎಷ್ಟೋ ಪಾಕವಿಧಾನಗಳಲ್ಲಿ “ಬೆಚ್ಚಗಿನ ಜಾಗದಲ್ಲಿ ಎರಡು ಗಂಟೆ” ಎಂದಿರುತ್ತದೆ. ಅದು ಮನೆಯೊಳಗೆ 20 ಡಿಗ್ರಿ ಇರುವ ಊರಿನ ಲೆಕ್ಕ. ಏಪ್ರಿಲ್ ಮಧ್ಯಾಹ್ನ ನಮ್ಮ ಅಡುಗೆಮನೆ 33 ಡಿಗ್ರಿ ಇರುವಾಗ ಅದೇ ಹಿಟ್ಟು 45ರಿಂದ 60 ನಿಮಿಷದಲ್ಲಿ ಎರಡು ಪಟ್ಟಾಗುತ್ತದೆ. ಮತ್ತೂ ಒಂದು ಗಂಟೆ ಕಾದರೆ ಹೆಂಡದಂಥ ವಾಸನೆ, ಮೇಲೆ ದೊಡ್ಡ ದೊಡ್ಡ ಗುಳ್ಳೆ, ಕೈ ಇಟ್ಟರೆ ನೆರಿಗೆ ಬಿದ್ದು ಕುಸಿಯುವ ಹಿಟ್ಟು. ಬೇಯಿಸಿದ ಮೇಲೆ ಅದರ ರೋಲ್ ಚಪ್ಪಟೆ, ಬಣ್ಣ ಮಂಕು, ಒಳಗೆ ಒರಟು. ಈಸ್ಟ್ ಸಕ್ಕರೆಯ ಒಂದು ಪಾಲನ್ನು ತಿಂದಿರುವುದರಿಂದ ಕೆಂಪಾಗಲು ಅಲ್ಲಿ ಉಳಿದಿರುವುದು ಕಮ್ಮಿ. ಆ ಹುಳಿ ವಾಸನೆಯ ಮುಂದೆ ಕಿತ್ತಳೆಯ ಪರಿಮಳ ಏಳುವುದೂ ಇಲ್ಲ.

ಗಡಿಯಾರ ಬಿಟ್ಟು ಹಿಟ್ಟನ್ನು ನೋಡಬೇಕು. ನೇರ ಬದಿಯ ಡಬ್ಬದಲ್ಲಿ ಹಿಟ್ಟಿಟ್ಟು, ಎತ್ತರಕ್ಕೆ ಒಂದು ಗೆರೆ ಎಳೆದಿಟ್ಟರೆ ಎರಡು ಪಟ್ಟಾದದ್ದು ಅನುಮಾನವಿಲ್ಲದೆ ತಿಳಿಯುತ್ತದೆ. ತುಂಡು ಮಾಡಿ ಜೋಡಿಸಿದ ಮೇಲಿನ ಎರಡನೇ ಉಬ್ಬಿಗೆ ಬೆರಳ ಪರೀಕ್ಷೆ ಸಾಕು: ಮೈದಾ ಸವರಿದ ಬೆರಳಿನಿಂದ ಮೆಲ್ಲಗೆ ಒತ್ತಿ. ಕುಳಿ ತಟ್ಟನೆ ತುಂಬಿಕೊಂಡರೆ ಇನ್ನೂ ಹೊತ್ತಿದೆ, ನಿಧಾನವಾಗಿ ಅರ್ಧ ತುಂಬಿಕೊಂಡರೆ ಒಲೆಗೆ ಹೋಗಬಹುದು, ತುಂಬಿಕೊಳ್ಳುವುದೇ ಇಲ್ಲವಾದರೆ ತಡವಾಗಿದೆ. ತಡವಾದದ್ದನ್ನು ಹಿಟ್ಟಿನ ಹಂತದಲ್ಲೇ ಗಮನಿಸಿದರೆ ಗಾಳಿ ಒತ್ತಿ ತೆಗೆದು ಮತ್ತೊಮ್ಮೆ ಉಂಡೆ ಕಟ್ಟಿ ಮುಂದುವರಿಯಬಹುದು. ಸುತ್ತಿ ತುಂಡು ಮಾಡಿದ ಮೇಲೆ ಉಪಾಯವಿಲ್ಲ, ಆದಷ್ಟು ಬೇಗ ಬೇಯಿಸಿ.

ಸೆಖೆಗೆ ಮದ್ದು ತಣ್ಣನೆಯ ಹಾಲು. ನಾದಿ ಮುಗಿಸಿದಾಗ ಹಿಟ್ಟು 26 ಡಿಗ್ರಿಯಲ್ಲಿರಬೇಕು. ಲೆಕ್ಕ ಸುಲಭ: 26ನ್ನು ಮೂರರಿಂದ ಗುಣಿಸಿದರೆ 78. ಅದರಿಂದ ಕೋಣೆಯ 33, ಮೈದಾದ 33 ಕಳೆದರೆ ಉಳಿಯುವುದು 12. ಕೈಯಿಂದ ನಾದುವಾಗ ಏರುವ ಎರಡು ಮೂರು ಡಿಗ್ರಿಯನ್ನೂ ಕಳೆದರೆ ಹಾಲು 9 ಡಿಗ್ರಿ ಇರಬೇಕೆಂದಾಯಿತು. ಎಂದರೆ ನೇರ ಫ್ರಿಜ್ಜಿನಿಂದ. ಡಿಸೆಂಬರ್, ಜನವರಿಯ ಬೆಳಗ್ಗೆ ಕೋಣೆ 23 ಡಿಗ್ರಿ ಇದ್ದಾಗ ಇದೇ ಲೆಕ್ಕ 29 ಡಿಗ್ರಿಯ ಹಾಲು ಕೇಳುತ್ತದೆ. ಇನ್‌ಸ್ಟಂಟ್ ಈಸ್ಟನ್ನು ಮೈದಾದಲ್ಲೇ ಬೆರೆಸುವುದರಿಂದ ತಣ್ಣನೆಯ ಹಾಲು ಅದಕ್ಕೆ ಅಡ್ಡಿಯಲ್ಲ. ಬೇಸಗೆಯಲ್ಲಿ ಇನ್ನೂ ಒಳ್ಳೆಯ ದಾರಿ ಎಂದರೆ ರಾತ್ರಿ ನಾದಿ, ಹೊರಗೆ ಅರ್ಧ ಗಂಟೆ ಬಿಟ್ಟು, ಫ್ರಿಜ್ಜಿಗಿಟ್ಟು ಬೆಳಗ್ಗೆ ಲಟ್ಟಿಸುವುದು. ತಣ್ಣಗಿನ ಹಿಟ್ಟು ಲಟ್ಟಿಸಲು ಹದ, ರುಚಿಯೂ ಹೆಚ್ಚು.

ಹಿಟ್ಟು ಕೈಗೆ ಅಂಟುತ್ತದೆ

ಅಂಟುತ್ತದೆಂದು ಮೈದಾ ಸುರಿಯುವುದೇ ಮರುದಿನ ರೋಲ್ ಒಣಗಿ ಪುಡಿಯಾಗಲು ಮೊದಲ ಕಾರಣ. ಸಿಹಿ ಹಿಟ್ಟು ನಾದಲು ತೊಡಗಿದ ಐದಾರು ನಿಮಿಷ ಅಂಟುವುದೇ ಸಹಜ. ಬೆಣ್ಣೆ ಹಾಕಿದಾಗ ಮತ್ತೊಮ್ಮೆ ರೇಜಿಗೆ ಹುಟ್ಟಿಸುವಷ್ಟು ಜಾರುತ್ತದೆ. ಕೈಯಿಂದ 12ರಿಂದ 15 ನಿಮಿಷ ನಾದಿ ನೋಡಿ. ಒಂದು ಚಿಕ್ಕ ತುಂಡನ್ನು ಎಳೆದಾಗ ಹರಿಯದೆ, ಅದರ ಹಿಂದೆ ಬೆರಳಿನ ನೆರಳು ಕಾಣುವಷ್ಟು ತೆಳುವಾದರೆ ನಾದಿದ್ದು ಸಾಕಾಯಿತು.

ಅಷ್ಟು ನಾದಿದ ಮೇಲೂ ಅಂಟಿದರೆ ನೀರು ಹೆಚ್ಚಾಗಿದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮೈದಾವೇ ಪಸೆ ಹೀರಿಕೊಂಡಿರುತ್ತದೆ. ಮೈದಾದ ತೇವ 12ರಿಂದ 14 ಶೇಕಡಾಕ್ಕೆ ಏರಿದರೆ 400 ಗ್ರಾಂನಲ್ಲಿ 8 ಗ್ರಾಂ ನೀರು ಲೆಕ್ಕಕ್ಕೆ ಸಿಗದೆ ಒಳಗೆ ಬಂದಿರುತ್ತದೆ. ಮಳೆಗಾಲದಲ್ಲಿ ಹಾಲನ್ನು 185 ಮಿ.ಲೀ.ಯಿಂದ ಶುರು ಮಾಡಿ, ಬೇಕಿದ್ದರೆ ಮಾತ್ರ ಉಳಿದದ್ದು. ಮನೆಯಲ್ಲಿ ಮಜ್ಜಿಗೆ ಕಡೆದು ತೆಗೆದ ಬೆಣ್ಣೆಯೂ ಇನ್ನೊಂದು ಕಳ್ಳದಾರಿ: ಅದರಲ್ಲಿ ನೀರು, ಹುಳಿ ಎರಡೂ ಇರುತ್ತವೆ. ತಣ್ಣೀರಿನಲ್ಲಿ ಎರಡು ಮೂರು ಸಲ ತೊಳೆದು, ಅಂಗೈಯಲ್ಲಿ ಒತ್ತಿ ನೀರು ಹಿಂಡಿ ಬಳಸಿ.

ಪರಿಮಳವಿಲ್ಲ, ಅಥವಾ ಕಹಿ

ಈ ರೋಲಿನ ಹೆಸರು ಉಳಿಯುವುದೂ ಕೆಡುವುದೂ ಇಲ್ಲಿ. ಕಿತ್ತಳೆ, ಲಿಂಬೆಯ ಪರಿಮಳ ರಸದಲ್ಲಿಲ್ಲ, ಸಿಪ್ಪೆಯ ಹೊರಪದರದ ಎಣ್ಣೆ ಗುಳ್ಳೆಗಳಲ್ಲಿದೆ. ರಸ ಕೊಡುವುದು ಹುಳಿಯನ್ನು ಮಾತ್ರ. ಹಾಗಾಗಿ ಹಿಟ್ಟಿಗೆ ಎಷ್ಟೇ ರಸ ಹೊಯ್ದರೂ ಬೆಂದ ಮೇಲೆ ಪರಿಮಳ ಇರುವುದಿಲ್ಲ. ತಾಜಾ ಸಿಪ್ಪೆಯ ಚೂರೊಂದನ್ನು ಮಡಚಿದರೆ ಸಣ್ಣ ತುಂತುರು ಚಿಮ್ಮುವುದು ಕಾಣುತ್ತದೆ, ಬೆಂಕಿಕಡ್ಡಿಯ ಉರಿಯ ಮುಂದೆ ಅದು ಚಟಪಟ ಹೊತ್ತಿಕೊಳ್ಳುತ್ತದೆ. ಆ ತುಂತುರೇ ನಮಗೆ ಬೇಕಾದದ್ದು. ಮಡಚಿದಾಗ ಚಿಮ್ಮದ ಸೊರಗಿದ ಹಣ್ಣಿನ ಸಿಪ್ಪೆ ಈ ಕೆಲಸಕ್ಕೆ ಬೇಡ.

ಎಣ್ಣೆ ಗಾಳಿಗೆ ಹಾರಿಹೋಗುತ್ತದೆ, ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಆದ್ದರಿಂದ ತುರಿದಿಟ್ಟು ಬೇರೆ ಕೆಲಸಕ್ಕೆ ಹೋಗಬಾರದು. ಒಳಗೆ ಹರಡುವ 90 ಗ್ರಾಂ ಸಕ್ಕರೆಯ ಮೇಲೆಯೇ ನೇರ ತುರಿದು, ಆ ಕೂಡಲೇ ಬೆರಳ ತುದಿಗಳಿಂದ ಎರಡು ಮೂರು ನಿಮಿಷ ತಿಕ್ಕಿ. ಸಕ್ಕರೆಯ ಹರಳು ಗುಳ್ಳೆಗಳನ್ನು ಒಡೆದು ಎಣ್ಣೆ ಹೀರಿಕೊಳ್ಳುತ್ತದೆ. ಸಕ್ಕರೆ ಹೊಂಬಣ್ಣಕ್ಕೆ ತಿರುಗಿ ಒದ್ದೆ ಮರಳಿನ ಹಾಗೆ ಮುಷ್ಟಿಗೆ ಕೂತರೆ ಹದ ಸರಿ. ಹಿಟ್ಟಿಗೆ ಹಾಕುವ ತುರಿಯನ್ನು ಬೆಣ್ಣೆಯಲ್ಲಿ ಕಲಸಿ ಬೆಣ್ಣೆಯ ಜೊತೆಗೇ ಸೇರಿಸಿ. ಪಾಕಕ್ಕೂ ಒಂದು ಚಿಟಿಕೆ ಹಸಿ ತುರಿ ಇರಲಿ. ಒಲೆಯ ಬಿಸಿ ತಾಗದ ತುರಿ ಅದೊಂದೇ ಆದ್ದರಿಂದ ತಿನ್ನುವಾಗ ಮೊದಲು ಮೂಗಿಗೆ ಬರುವುದು ಅದೇ.

ಕಹಿ ಬಂದರೆ ಬಿಳಿ ಪದರವನ್ನು ನೋಡಿ. ಬಣ್ಣದ ಪದರದ ಕೆಳಗಿನ ಬಿಳಿ ಭಾಗ ಕಹಿ, ಸಣ್ಣ ಕಣ್ಣಿನ ತುರಿಯಲ್ಲಿ ಒಂದೇ ಜಾಗವನ್ನು ಎರಡು ಸಲ ಎಳೆದರೆ ಅದೂ ಬರುತ್ತದೆ. ಕಾಯಿ ತುರಿಯುವ ಹೆರೆಮಣೆ ಇದಕ್ಕೆ ಆಗುವುದಿಲ್ಲ, ಅದರ ಹಲ್ಲು ಆಳಕ್ಕೆ ಇಳಿಯುತ್ತದೆ. ಊರ ಲಿಂಬೆಯ ಸಿಪ್ಪೆ ಬಹಳ ತೆಳು, ಒಂದು ಲಿಂಬೆಯಿಂದ ಅರ್ಧ ಟೀ ಚಮಚ ತುರಿ ಸಿಕ್ಕಿದರೆ ದೊಡ್ಡದು. ಎರಡು ಕಿತ್ತಳೆಯ ಬದಲಿಗೆ ಏಳೆಂಟು ಲಿಂಬೆ ಬೇಕಾಗುತ್ತದೆ. ಕೊಡಗಿನ ಕಿತ್ತಳೆಯ ಪರಿಮಳಕ್ಕೆ ಸಾಟಿಯಿಲ್ಲ, ಆದರೆ ಸಿಪ್ಪೆ ಸಡಿಲವಾಗಿರುವುದರಿಂದ ತುರಿಯುವಾಗ ಒಳಕ್ಕೆ ಕುಸಿದು ಹರಿಯುತ್ತದೆ. ಹಣ್ಣನ್ನು ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟು ತುರಿಯಿರಿ. ಆಗಲೂ ಕಷ್ಟವಾದರೆ ಸಿಪ್ಪೆ ಸುಲಿದು, ಒಳಗಿನ ಬಿಳಿಯನ್ನು ಚಮಚದಿಂದ ಕೆರೆದು, ಉಳಿದದ್ದನ್ನು ಚೂರಿಯಿಂದ ಪುಡಿಪುಡಿಯಾಗಿ ಕೊಚ್ಚಿ. ಸಿಪ್ಪೆ ಹಸಿರಾಗಿದ್ದರೆ ಹಣ್ಣು ಕಾಯಿ ಎಂದರ್ಥವಲ್ಲ. ರಾತ್ರಿ ಚಳಿ ಇಲ್ಲದ ಕಡೆ ಹಸಿರು ಪೂರ್ತಿ ಹೋಗುವುದೇ ಇಲ್ಲ.

ಉಪ್ಪಿನಕಾಯಿಗೆ, ಗೊಜ್ಜಿಗೆ ಹಾಕುವ ಕಂಚಿಹುಳಿ ಹಿತ್ತಿಲಲ್ಲಿ ಇದ್ದರೆ ಅದನ್ನೂ ಬಳಸಬಹುದು, ಪರಿಮಳ ಗಾಢ. ಸಿಪ್ಪೆಯ ಕಹಿಯೂ ಗಾಢವಾದ್ದರಿಂದ ಕಿತ್ತಳೆಯ ಅರ್ಧದಷ್ಟೇ ತುರಿ ಸಾಕು, ಅದೂ ಒಳಗಿನ ಸಕ್ಕರೆಗೆ ಮಾತ್ರ. ಚಕ್ಕೋತದ ಸಿಪ್ಪೆಗೂ ಇದೇ ಎಚ್ಚರ.

ರಸದಿಂದಲೂ ಕಹಿ ಬರುತ್ತದೆ. ಮುಸುಂಬಿ ರಸ ಹಿಂಡಿದ ಕೂಡಲೇ ಸಿಹಿ, ಇಟ್ಟು ಕುಡಿದರೆ ಕಹಿ ಎನ್ನುವುದು ಎಲ್ಲರೂ ಕಂಡದ್ದೇ. ಹಣ್ಣಿನೊಳಗೆ ರುಚಿಯಿಲ್ಲದೆ ಇರುವ ಒಂದು ವಸ್ತು ಹುಳಿರಸದ ಜೊತೆ ಸೇರಿದ ಮೇಲೆ ನಿಧಾನಕ್ಕೆ ಲಿಮೋನಿನ್ ಎಂಬ ಕಹಿಯಾಗಿ ಮಾರ್ಪಡುವುದು ಇದಕ್ಕೆ ಕಾರಣ, ಕಾಯಿಸಿದರೆ ಇನ್ನೂ ಬೇಗ. ಬೀಜ ಸಮೇತ ಮಿಕ್ಸಿಗೆ ಹಾಕಿದ ರಸ ಪಾಕಕ್ಕೆ ಬೇಡ. ಬೇಕಾದಾಗ, ಬೇಕಾದಷ್ಟೇ, ಕೈಯಿಂದ ಹಿಂಡಿ ಸೋಸಿ.

ಇನ್ನೊಂದು ಎಚ್ಚರ ಅಡಿಕೆ ತೋಟ ಇರುವ ಮನೆಯವರಿಗೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವಾಗ ಅಡಿಯ ಲಿಂಬೆ, ಕಂಚಿ ಗಿಡಗಳ ಮೇಲೂ ಅದು ಬೀಳುತ್ತದೆ. ಅದರಲ್ಲಿರುವುದು ಮೈಲುತುತ್ತು ಮತ್ತು ಸುಣ್ಣ. ಸಿಪ್ಪೆಯ ಕುಳಿಗಳಲ್ಲಿ ನೀಲಿ ಕಲೆ ಕಂಡರೆ ಆ ಹಣ್ಣನ್ನು ತೊಳೆದು ರಸಕ್ಕೆ ಮಾತ್ರ ಉಪಯೋಗಿಸಿ, ಸಿಪ್ಪೆ ತುರಿಯಬೇಡಿ. ಅಂಗಡಿಯ ಹೊಳೆಯುವ ಕಿತ್ತಳೆಗೆ ಮೇಣ ಹಚ್ಚಿರಬಹುದು. ಬಿಸಿನೀರಿನಲ್ಲಿ ಉಜ್ಜಿ ತೊಳೆದು, ಪೂರ್ತಿ ಒರಸಿ, ಆಮೇಲೆ ತುರಿಯಿರಿ.

ಒಳಗಿನ ಸಕ್ಕರೆ ಹೊರಗೆ ಹರಿಯುತ್ತದೆ, ಸುರುಳಿ ಬಿಚ್ಚಿಕೊಳ್ಳುತ್ತದೆ

ಇಲ್ಲಿಯೂ ಮೊದಲ ಆರೋಪಿ ರಸ. ಒಳಗೆ ಹರಡುವ ಸಕ್ಕರೆಗೆ ಎರಡು ಚಮಚ ರಸ ಬಿದ್ದರೂ ಅದು ಕರಗಿ ಪಾಕವಾಗಿ, ಪದರ ಪದರಕ್ಕೆ ಅಂಟದೆ ಜಾರುತ್ತದೆ, ಟಿನ್ನಿನ ತಳಕ್ಕಿಳಿದು ಸೀಯುತ್ತದೆ. ಎರಡನೆಯದು ಬೆಣ್ಣೆ. 32ರಿಂದ 35 ಡಿಗ್ರಿಗೆ ಬೆಣ್ಣೆ ಕರಗುವುದರಿಂದ ಬೇಸಗೆಯ ಮಧ್ಯಾಹ್ನ ಸುತ್ತುತ್ತಿರುವಾಗಲೇ ಹರಿಯತೊಡಗುತ್ತದೆ. ಬೆಣ್ಣೆಯನ್ನು ಕರಗಿಸದೆ, ಚೂರಿಯಿಂದ ಹಚ್ಚಲು ಬರುವಷ್ಟು ಮೆದುವಿರುವಾಗ ಕಾರ್ನ್‌ಫ್ಲೋರ್ ಬೆರೆಸಿ ಹರಡಿ, ಮೇಲಿಂದ ಸಕ್ಕರೆ ಉದುರಿಸಿ. ಆಚೆ ಬದಿಯ ಅಂಚಿನಲ್ಲಿ 2 ಸೆಂ.ಮೀ. ಖಾಲಿ ಬಿಟ್ಟು, ಆ ಅಂಚಿಗೆ ನೀರು ಸವರಿ, ಸುತ್ತಿದ ಮೇಲೆ ಚಿವುಟಿ ಮುಚ್ಚಿ. ಸುತ್ತಿದ್ದನ್ನು ಹಾಗೆಯೇ 20 ನಿಮಿಷ ಫ್ರಿಜ್ಜಿನಲ್ಲಿಟ್ಟು ನೂಲಿನಿಂದ ಕತ್ತರಿಸಿ. ನೂಲನ್ನು ಅಡಿಯಿಂದ ತೂರಿಸಿ ಮೇಲೆ ಅಡ್ಡ ಹಾಕಿ ಎಳೆದರೆ ರೋಲ್ ಗುಂಡಾಗಿಯೇ ಉಳಿಯುತ್ತದೆ. ಚೂರಿಯಾದರೆ ಒತ್ತಿ ಚಪ್ಪಟೆ ಮಾಡುತ್ತದೆ.

ನಡುಭಾಗ ಮೊನಚಾಗಿ ಮೇಲೆದ್ದು ಬಂದರೆ ಸುತ್ತಿದ್ದು ಬಿಗಿಯಾಯಿತು, ಇಲ್ಲವೇ ಟಿನ್ ಇಕ್ಕಟ್ಟಾಯಿತು. ಜೋಡಿಸುವಾಗ ತುಂಡುಗಳ ನಡುವೆ ಒಂದು ಬೆರಳಿನ ಸಂದು ಬೇಕು, ಉಬ್ಬಿದಾಗ ಒಂದಕ್ಕೊಂದು ತಾಗಿದರೆ ಸಾಕು.

ಒಲೆಯಲ್ಲಿ

ಮೇಲೆ ಕೆಂಪು, ನಡುವೆ ಹಸಿ: ಇದು ಒಟಿಜಿಯ ಸಾಮಾನ್ಯ ದೂರು. ಮೇಲಿನ ಕಾಯಿಲ್ ಟಿನ್‌ಗೆ ಹತ್ತಿರವಿರುವುದರಿಂದ ಒಳಗೆ ಬೇಯುವ ಮೊದಲೇ ಸಕ್ಕರೆಯ ಹಿಟ್ಟು ಕಪ್ಪಗಾಗುತ್ತದೆ. ಟಿನ್ ನಡುವಿನ ಅಥವಾ ಕೆಳಗಿನ ಹಂತದಲ್ಲಿರಲಿ. 12 ನಿಮಿಷಕ್ಕೆ ಒಮ್ಮೆ ನೋಡಿ, ಬಣ್ಣ ಬಂದಿದ್ದರೆ ಫಾಯಿಲ್ ಹೊದಿಸಿ. ನಟ್ಟನಡುವಿನ ರೋಲ್‌ಗೆ ಥರ್ಮಾಮೀಟರ್ ಚುಚ್ಚಿದರೆ 88ರಿಂದ 92 ಡಿಗ್ರಿ ತೋರಿಸಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ನಡುವಿನ ಸುರುಳಿಯನ್ನು ಫೋರ್ಕಿನಿಂದ ಸ್ವಲ್ಪ ಎತ್ತಿ ನೋಡಿ: ಎಳೆ ಎಳೆಯಾಗಿ ಒಣಗಿ ಬಿಟ್ಟುಕೊಂಡರೆ ಬೆಂದಿದೆ, ಹಸಿ ಹಿಟ್ಟು ಹೊಳೆದರೆ ಇನ್ನೂ 4 ನಿಮಿಷ. ಅಡಿ ಸೀಯುವುದಾದರೆ ಟಿನ್ನಿನ ಕೆಳಗೆ ಇನ್ನೊಂದು ತಟ್ಟೆ ಇಡಿ.

ಬಣ್ಣವೇ ಬರುವುದಿಲ್ಲ, 35 ನಿಮಿಷವಾದರೂ ಬಿಳಿ, ಅಷ್ಟರಲ್ಲಿ ಒಳಗೆಲ್ಲ ಒಣಗಿದೆ ಎಂದಾದರೆ ವೋಲ್ಟೇಜ್ ನೋಡಿ. ಕಾಯಿಲಿನ ಶಾಖ ವೋಲ್ಟೇಜಿನ ವರ್ಗಕ್ಕೆ ಅನುಗುಣ. 230 ಇರಬೇಕಾದಲ್ಲಿ ಸಂಜೆ 190 ಬಂದರೆ 1500 ವಾಟಿನ ಒಟಿಜಿ ಕೊಡುವುದು ಸುಮಾರು 1020 ವಾಟ್ ಮಾತ್ರ, ಮೂರರಲ್ಲಿ ಒಂದು ಪಾಲು ನಷ್ಟ. ಎಲ್ಲರ ಮನೆಯಲ್ಲೂ ದೀಪ, ಪಂಪು ಹಾಕಿರುವ ಹೊತ್ತು ಬಿಟ್ಟು ಬೇಯಿಸಿ, ಟಿನ್ ಇಡುವ ಮೊದಲು ಒಟಿಜಿ ಬಿಸಿಯಾಗಲು ಬಿಡುವ ಸಮಯವನ್ನು 10ರಿಂದ 20 ನಿಮಿಷಕ್ಕೆ ಏರಿಸಿ. ಮನೆಯ ಇನ್ವರ್ಟರಿಗೆ ಒಟಿಜಿ ಜೋಡಿಸಬೇಡಿ, ಅದು ಅಷ್ಟು ಹೊರೆ ತಡೆಯುವುದಿಲ್ಲ.

ಬೇಯುವ ನಡುವೆ ಕರೆಂಟ್ ಹೋದರೆ ಬಾಗಿಲು ತೆರೆಯದೆ ಹಾಗೇ ಬಿಡಿ. 10 ನಿಮಿಷದೊಳಗೆ ಬಂದರೆ ಕರೆಂಟ್ ಇಲ್ಲದಿದ್ದಷ್ಟು ಹೊತ್ತನ್ನು ಹೆಚ್ಚಿಗೆ ಕೊಟ್ಟು ಮುಗಿಸಬಹುದು. ಬರುವ ಲಕ್ಷಣವಿಲ್ಲದಿದ್ದರೆ ಟಿನ್ನನ್ನು ಗ್ಯಾಸಿಗೆ ವರ್ಗಾಯಿಸಿ: ದಪ್ಪ ತಳದ ಕುಕ್ಕರನ್ನು ಗ್ಯಾಸ್ಕೆಟ್, ವೆಯ್ಟ್ ತೆಗೆದು, ನೀರು ಹಾಕದೆ, ಒಳಗೆ ಸ್ಟ್ಯಾಂಡ್ ಇಟ್ಟು 10 ನಿಮಿಷ ಕಾಯಿಸಿ, ಟಿನ್ ಇಳಿಸಿ, ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ. ಮೇಲೆ ಕೆಂಪಾಗುವುದಿಲ್ಲ, ಬೇಯುವುದಂತೂ ಬೇಯುತ್ತದೆ. ಒಲೆಗೆ ಹಾಕುವ ಮೊದಲೇ ಕರೆಂಟ್ ಹೋಗಿದ್ದರೆ ಟಿನ್ನನ್ನು ಫ್ರಿಜ್ಜಿಗೆ ತಳ್ಳಿ ಬಾಗಿಲು ಮುಚ್ಚಿಡಿ.

ಪಾಕ ನಿಲ್ಲುವುದಿಲ್ಲ

ಬಿಸಿ ರೋಲ್ ಮೇಲೆ ಸುರಿದ ಪಾಕ ಕರಗಿ ಒಳಗಿಳಿಯುತ್ತದೆ. ಹೊರತೆಗೆದು 15 ನಿಮಿಷ ಬಿಟ್ಟು, ಉಗುರುಬೆಚ್ಚಗಿರುವಾಗ ಸುರಿಯಿರಿ. ಮಳೆಗಾಲದಲ್ಲಿ ಎಷ್ಟು ಕಾದರೂ ಪಾಕ ಒಣಗುವುದಿಲ್ಲ, ಸಕ್ಕರೆ ಗಾಳಿಯ ಪಸೆ ಎಳೆಯುತ್ತಲೇ ಇರುತ್ತದೆ. ರಸವನ್ನು 12 ಮಿ.ಲೀ.ಗೆ ಇಳಿಸಿ, ತಿನ್ನುವ ಮೊದಲು ಸುರಿಯುವುದೇ ದಾರಿ.

ಮರುದಿನದ ದೂರುಗಳು

ಗಟ್ಟಿಯಾದರೆ ಮೈದಾ ಹೆಚ್ಚಾಗಿದೆ, ಬೆಂದದ್ದು ಹೆಚ್ಚಾಗಿದೆ, ಇಲ್ಲವೇ ಫ್ರಿಜ್ಜಿನಲ್ಲಿಟ್ಟಿದ್ದೀರಿ. ಫ್ರಿಜ್ಜಿನ ತಂಪಿನಲ್ಲಿ ರೋಲ್ ಹೊರಗಿಗಿಂತ ಬೇಗ ಬಿರುಸಾಗುತ್ತದೆ. ಇಡುವುದಾದರೆ ಪಾಕ ಹಾಕದೆ ಬಿಡಿಬಿಡಿಯಾಗಿ ಸುತ್ತಿ ಫ್ರೀಜರಿನಲ್ಲಿಡಿ, ಬೇಕಾದಾಗ ಇಡ್ಲಿ ಬೇಯಿಸುವ ಅಟ್ಟಿನಳಗೆಯಲ್ಲಿ ಮೂರ್ನಾಲ್ಕು ನಿಮಿಷ ಹಬೆ ಕೊಟ್ಟರೆ ಮೊದಲಿನ ಮೆದು ಮರಳುತ್ತದೆ. ಮೂಲದಲ್ಲೇ ಮೆದು ಬೇಕೆಂದರೆ ಅಳತೆಯ ಮೈದಾದಿಂದ 20 ಗ್ರಾಂ, ಹಾಲಿನಿಂದ 100 ಮಿ.ಲೀ. ತೆಗೆದು ಗಂಟಿಲ್ಲದಂತೆ ಕಾಸಿ, ಗಂಜಿಯ ಹದಕ್ಕೆ ಬಂದ ಮೇಲೆ ಆರಿಸಿ ಹಿಟ್ಟಿಗೆ ಸೇರಿಸಿ. ಬೆಂದ ಪಿಷ್ಟ ನೀರನ್ನು ಹಿಡಿದಿಡುವುದರಿಂದ ರೋಲ್ ಎರಡನೇ ದಿನಕ್ಕೂ ಮೆತ್ತಗಿರುತ್ತದೆ.

ಬೂಷ್ಟು ಬರುವುದಕ್ಕೆ ಬಿಸಿಯಿರುವಾಗಲೇ ಡಬ್ಬ ಮುಚ್ಚುವುದು ಕಾರಣ. ಎರಡು ಗಂಟೆ ಜಾಲರಿಯ ಮೇಲೆ ಆರಬೇಕು.

ಇನ್ನೊಂದು ದೋಷವನ್ನು ಬೂಷ್ಟು ಎಂದುಕೊಂಡು ಬಿಟ್ಟುಬಿಡುವುದುಂಟು. ಸೆಖೆಯ ದಿನಗಳಲ್ಲಿ ಎರಡನೇ ದಿನ ರೋಲ್ ಮುರಿದರೆ ಒಳಗೆ ಜಿಗುಟು, ಎಳೆದಾಗ ಜೇಡನ ನೂಲಿನಷ್ಟು ಸಣ್ಣ ಎಳೆ, ಕಳಿತ ಅನಾನಸಿನಂಥ ವಾಸನೆ. ಮೇಲೆ ಬೂಷ್ಟಿನ ಕುರುಹೇ ಇರುವುದಿಲ್ಲ. ಇದು ಬ್ಯಾಸಿಲಸ್ ಬ್ಯಾಕ್ಟೀರಿಯಾದ ಕೆಲಸ. ಅದರ ಬೀಜಕಣಗಳು ಹಿಟ್ಟಿನಲ್ಲೇ ಇದ್ದು, ಒಲೆಯ ಬಿಸಿಯನ್ನೂ ತಾಳಿ, ಬೆಚ್ಚಗಿನ ಪಸೆಯಲ್ಲಿ ಬೆಳೆಯುತ್ತವೆ. ಆ ರೋಲ್‌ಗಳನ್ನು ತಿನ್ನಬಾರದು, ಎಲ್ಲವನ್ನೂ ಎಸೆಯಬೇಕು. ಡಬ್ಬ, ಜಾಲರಿ, ಲಟ್ಟಿಸುವ ಮಣೆ ಎಲ್ಲವನ್ನೂ ಬಿಸಿನೀರಿನಲ್ಲಿ ತೊಳೆದು ವಿನೆಗರ್ ಒರಸಿ ಒಣಗಿಸಿ. ಈ ಬ್ಯಾಕ್ಟೀರಿಯಾಕ್ಕೆ ಹುಳಿ ಆಗುವುದಿಲ್ಲ. ಮುಂದಿನ ಸಲ ಹಿಟ್ಟಿಗೆ ಮೊದಲೇ ಹೇಳಿದ 10 ಮಿ.ಲೀ. ಲಿಂಬೆ ರಸ ಹಾಕಿ, ಹೊಸ ಮೈದಾ ತನ್ನಿ, ಬೆಂದದ್ದನ್ನು ಫ್ಯಾನಿನ ಅಡಿಯಲ್ಲಿ ಬೇಗ ಆರಿಸಿ, ಮರುದಿನಕ್ಕೆ ಉಳಿಯುವಷ್ಟನ್ನು ಅದೇ ಸಂಜೆ ಫ್ರೀಜರಿಗೆ ಹಾಕಿ.